ಸೋದರಮಾವನ ಬಳೆ, ಗುರುವಿನ ನಾಲ್ಕು ಸುತ್ತು

ಮದುವೆಯ ಹಿಂದಿನ ಸಂಜೆ 'ಸಂಗೀತ್' ಎಂದು ವೇದಿಕೆ ಕಟ್ಟಿ ಎರಡೂ ಕಡೆಯವರು ಕುಣಿಯುವುದು, ಮದುಮಗನ ಬೂಟು ಬಚ್ಚಿಟ್ಟು ನಾದಿನಿಯರು ಹಣ ಕೇಳುವುದು ಈಗ ದಾವಣಗೆರೆ, ಮಂಡ್ಯದ ಛತ್ರಗಳಲ್ಲೂ ಉಂಟು. ಅರಿಶಿನ ಶಾಸ್ತ್ರ ಮೊದಲಿನಿಂದ ನಮ್ಮದೇ. ಅದಕ್ಕೀಗ 'ಹಲ್ದಿ' ಎಂಬ ಹೊಸ ಹೆಸರೂ ಹಳದಿ ಬಟ್ಟೆಯ ಕಟ್ಟಳೆಯೂ ಬಂದಿವೆ. 1995ರ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ'ಯಿಂದ 2001ರ 'ಮಾನ್ಸೂನ್ ವೆಡ್ಡಿಂಗ್' ತನಕ ಸಿನಿಮಾಗಳು ಪಂಜಾಬಿ ಮದುವೆಯನ್ನು ಇಡೀ ದೇಶಕ್ಕೆ ಮಾದರಿ ಮಾಡಿಬಿಟ್ಟವು. ಆದರೆ ಅಲ್ಲಿ ಕಾಣುವುದು ಬಹುಪಾಲು ದೆಹಲಿಯ ಅಥವಾ ವಿದೇಶದ ಪಂಜಾಬಿಗಳ ಸಡಗರ: ಡೋಲು, ಕುಣಿತ, ಊಟ, ಕುಡಿತ. ಅದನ್ನು ನೋಡಿ ಪಂಜಾಬಿ ಮದುವೆಯೆಂದರೆ ಗದ್ದಲ, ದುಂದು ಎಂದು ತೀರ್ಮಾನಿಸಿದವರು ನಮ್ಮಲ್ಲಿ ಬಹಳ ಜನ. ನನಗೆ ಆ ತೀರ್ಮಾನ ಒಪ್ಪಿಗೆಯಿಲ್ಲ. ಹಳ್ಳಿಯ ಪಂಜಾಬಿ ಮದುವೆಯನ್ನು ಹಿಡಿದು ನಿಲ್ಲಿಸಿದ್ದು ತಾಯಿಯ ತವರಿನವರು ಮತ್ತು ಹೆಂಗಸರ ಹಾಡು. ಸಿಖ್ಖರ ಮನೆಯಲ್ಲಾದರೆ ಇದರ ಜೊತೆಗೆ ಒಂದು ಗ್ರಂಥದ ಮುಂದೆ ನಡೆಯುವ ಅತ್ಯಂತ ಸರಳವಾದ ವಿಧಿಯೊಂದಿದೆ. ಸಿನಿಮಾದಲ್ಲಿ ಈ ಮೂರಕ್ಕೂ ಸಿಕ್ಕಿರುವ ಜಾಗ ಕಡಿಮೆ.

ತಾಯಿಯ ತವರಿಗೆ ಅಲ್ಲಿ ಅಷ್ಟು ಮಹತ್ವ ಏಕೆ ಎಂಬುದರಿಂದಲೇ ಶುರು ಮಾಡಬೇಕು. ನಮ್ಮ ಕಡೆ ಸೋದರಮಾವನ ಮಗನನ್ನು, ಸೋದರತ್ತೆಯ ಮಗನನ್ನು ಮದುವೆಯಾಗುವುದು ಹಳೆಯ ರೂಢಿ. ಎಷ್ಟೋ ಸಮುದಾಯಗಳಲ್ಲಿ ಸೋದರಮಾವನೇ ಗಂಡನಾಗುವುದೂ ಇದೆ. ಮಗಳು ಮದುವೆಯಾಗಿ ಹೋದರೂ ಅಜ್ಜಿಯ ಮನೆಗೇ ಹೋದಳು ಎಂಬ ಸಮಾಧಾನ ಅದರಲ್ಲಿತ್ತು. ಪಂಜಾಬಿನ ಹಿಂದೂ ಮತ್ತು ಸಿಖ್ ಮನೆಗಳಲ್ಲಿ ಈ ಮಾತನ್ನು ಬಾಯಿಗೂ ತರುವಂತಿಲ್ಲ. ಅಲ್ಲಿ ಮಾವನ ಮಕ್ಕಳು, ಅತ್ತೆಯ ಮಕ್ಕಳು ಎಲ್ಲರೂ ಅಣ್ಣತಂಗಿಯರೇ. ಜಾಟ್ ರೈತರಂಥ ಸಮುದಾಯಗಳಲ್ಲಿ ತಂದೆಯ ಗೋತ್ರ, ತಾಯಿಯ ತವರಿನ ಗೋತ್ರ, ಇಬ್ಬರು ಅಜ್ಜಿಯರ ತವರಿನ ಗೋತ್ರ, ಹೀಗೆ ನಾಲ್ಕು ಗೋತ್ರಗಳನ್ನು ಬಿಟ್ಟು ಸಂಬಂಧ ನೋಡುವುದು ಹಳೆಯ ನಿಯಮ. ಒಂದೇ ಊರಿನೊಳಗೆ ಹೆಣ್ಣು ಕೊಡುವುದೂ ಇಲ್ಲ, ತರುವುದೂ ಇಲ್ಲ. ಸಮಾಜಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲಿ ಪ್ರಕಟಿಸಿದ ಭಾರತದ ಬಂಧುತ್ವ ವ್ಯವಸ್ಥೆ ಕುರಿತ ಪುಸ್ತಕದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಇರುವ ಈ ಅಂತರವನ್ನು ಬಿಡಿಸಿ ತೋರಿಸಿದ್ದಾರೆ. ಉತ್ತರದ ಹೆಣ್ಣುಮಗಳು ಮುಖ ಪರಿಚಯವೂ ಇಲ್ಲದ ಜನರ ನಡುವೆ, ಗೊತ್ತಿಲ್ಲದ ಊರಿಗೆ ಹೋಗುತ್ತಾಳೆ. ಪಂಜಾಬಿನ ಮದುವೆಯ ಹಾಡುಗಳಲ್ಲಿ ಅಷ್ಟೊಂದು ಕಣ್ಣೀರು ತುಂಬಿರುವುದಕ್ಕೆ ಮೂಲ ಇಲ್ಲಿದೆ. ಹಿಂದೊಮ್ಮೆ ಅದೇ ಹಾದಿಯಲ್ಲಿ ತಮ್ಮ ಮನೆಯ ಮಗಳನ್ನು, ಅಂದರೆ ಈಗಿನ ಮದುಮಗಳ ತಾಯಿಯನ್ನು, ಕಳಿಸಿಕೊಟ್ಟ ತವರಿನವರು ಈ ಮದುವೆಗೆ ದಂಡುಕಟ್ಟಿಕೊಂಡು ಬಂದು ಭಾರ ಹೊರುವುದಕ್ಕೂ ಅದೇ ಕಾರಣ.

ತಾಯಿಯ ಕಡೆಯವರನ್ನು 'ನಾನಕೇ' ಎನ್ನುತ್ತಾರೆ. ಮದುವೆಗೆ ಒಂದೆರಡು ದಿನ ಇರುವಾಗ ಅವರ ತಂಡ ಊರ ಬಾಗಿಲಿಗೆ ಬಂದು ನಿಲ್ಲುತ್ತದೆ. ಜೊತೆಗೆ ಬಟ್ಟೆ, ಒಡವೆ, ಪಾತ್ರೆ, ಹಾಸಿಗೆ. ಈ ಉಡುಗೊರೆಯ ಹೆಸರು 'ನಾನಕೀ ಶಕ್'. ತಂದೆಯ ಕಡೆಯ ಹೆಂಗಸರು ಬಾಗಿಲಲ್ಲೇ ಅವರನ್ನು ಬೈಗುಳದ ಹಾಡು ಹೇಳಿ ಸ್ವಾಗತಿಸುತ್ತಾರೆ, ಇವರು ಅದಕ್ಕಿಂತ ಖಾರವಾದ ಹಾಡಿನಲ್ಲಿ ಉತ್ತರ ಕೊಡುತ್ತಾರೆ. ಮದುವೆಯ ಹಿಂದಿನ ರಾತ್ರಿ ನಡೆಯುವ 'ಜಾಗೋ' ಕೂಡ ಇವರದೇ. ಸೋದರಮಾವನ ಹೆಂಡತಿ ಹಿತ್ತಾಳೆಯ ಬಿಂದಿಗೆಯ ಮೇಲೆ ಗೋಧಿ ಹಿಟ್ಟಿನ ಹಣತೆಗಳನ್ನು ಸಾಲಾಗಿ ಹಚ್ಚಿ ತಲೆಯ ಮೇಲೆ ಹೊರುತ್ತಾಳೆ. ಇನ್ನೊಬ್ಬಳು ಗೆಜ್ಜೆ ಕಟ್ಟಿದ ಕೋಲು ಕುಟ್ಟುತ್ತ ಮುಂದೆ ನಡೆಯುತ್ತಾಳೆ. ಊರಿನ ಓಣಿ ಓಣಿಯಲ್ಲೂ ಹಾಡಿ ಕುಣಿದು ಮಲಗಿದವರನ್ನು ಎಬ್ಬಿಸುವುದೇ ಇವರ ಕೆಲಸ. ಹೋದ ಮನೆಯವರು ಹಣತೆಗೆ ಸಾಸಿವೆ ಎಣ್ಣೆ ಹೊಯ್ಯಬೇಕು. ಅಂಗಳದಲ್ಲಿ ಮಲಗಿದವರ ಮಂಚ ಮಗುಚಿದರೂ ಆ ರಾತ್ರಿ ಯಾರೂ ಸಿಟ್ಟಾಗುವಂತಿಲ್ಲ. ಸಿಂಗರಿಸಿದ ಮೊರವನ್ನು ಕೋಲಿನಿಂದ ಬಡಿದು ಬಡಿದು ಮುರಿಯುವ ಆಟವೂ ಇದರಲ್ಲೇ ಸೇರಿದೆ. ವರ್ಷವಿಡೀ ಸೆರಗು ತಲೆಯಿಂದ ಸರಿಯದಂತೆ ಬಾಳಿದ ಹೆಂಗಸರಿಗೆ ಊರ ಬೀದಿ ಪೂರ್ತಿಯಾಗಿ ಸಿಗುತ್ತಿದ್ದ ರಾತ್ರಿ ಅದು.

ಮದುವೆಯ ಬೆಳಗ್ಗೆಯೋ ಹಿಂದಿನ ದಿನವೋ ಸೋದರಮಾವ ಮದುಮಗಳಿಗೆ 'ಚೂಡಾ' ತೊಡಿಸುತ್ತಾನೆ. ಕೆಂಪು ಮತ್ತು ಬಿಳಿಯ ಬಳೆಗಳ ಜೋಡಿ, ಸಾಮಾನ್ಯವಾಗಿ 21. ಹಾಲು ಬೆರೆಸಿದ ನೀರಿನಲ್ಲಿ ಅದ್ದಿ ತೊಡಿಸುತ್ತಾರೆ. ಹುಡುಗಿ ಆಗ ಅದನ್ನು ನೋಡಬಾರದೆಂದು ಬಳೆಗಳ ಮೇಲೆ ಬಟ್ಟೆ ಮುಚ್ಚುತ್ತಾರೆ. ಖತ್ರಿ, ಅರೋರಾ ಮನೆತನಗಳಲ್ಲಿ ಬೇರೂರಿದ್ದ ಈ ಪದ್ಧತಿ ಈಗ ಬಹುತೇಕ ಎಲ್ಲ ಪಂಜಾಬಿ ಹಿಂದೂ, ಸಿಖ್ ಮನೆಗಳಿಗೂ ಹರಡಿದೆ. ಮದುವೆಯಾದ ಮೇಲೆ ಕನಿಷ್ಠ 40 ದಿನ, ಕೆಲವರು ವರ್ಷದ ತನಕವೂ ಅದನ್ನು ತೆಗೆಯುವುದಿಲ್ಲ. ಆ ಬಳೆಗಳಿರುವಷ್ಟು ಕಾಲ ಹೊಸ ಸೊಸೆಗೆ ಭಾರೀ ಮನೆಗೆಲಸ ಹೇಳುತ್ತಿರಲಿಲ್ಲ. ಸೋದರಮಾವ ಕೊಟ್ಟ ಬಳೆ ಅಷ್ಟು ದಿನ ಅವಳಿಗೆ ಕಾವಲು. ಹಿಂದೆ ಚೂಡಾವನ್ನು ಆನೆದಂತದಲ್ಲಿ ಮಾಡುತ್ತಿದ್ದರು. ವನ್ಯಜೀವಿ ಕಾನೂನು ಬಿಗಿಯಾದ ಮೇಲೆ ಅದು ನಿಂತು ಈಗ ಪ್ಲಾಸ್ಟಿಕ್ಕಿನದೇ ಬಳಕೆ, ಆನೆಗಳ ಮಟ್ಟಿಗೆ ಒಳ್ಳೆಯದೇ ಆಯಿತು. ಬಳೆಗೆ ಅಕ್ಕತಂಗಿಯರು, ಗೆಳತಿಯರು 'ಕಲೀರೆ' ಎಂಬ ತೂಗುವ ಗೊಂಚಲು ಕಟ್ಟುತ್ತಾರೆ. ಇಂದು ಚಿನ್ನದ ಬಣ್ಣದ ತಗಡಿನಲ್ಲಿ ಸಿಗುವ ಅದನ್ನು ಹಿಂದೆ ಒಣಕೊಬ್ಬರಿ, ಮಖಾನ, ಕವಡೆ ಪೋಣಿಸಿ ಮಾಡುತ್ತಿದ್ದರು. ಮದುಮಗಳು ಅದನ್ನು ಮದುವೆಯಾಗದ ಹುಡುಗಿಯರ ತಲೆಯ ಮೇಲೆ ಝಾಡಿಸುತ್ತಾಳೆ. ಚೂರು ಯಾರ ತಲೆಗೆ ಬಿತ್ತೋ ಮುಂದಿನ ಮದುವೆ ಅವಳದಂತೆ.

ಅಜ್ಜಿಯ ಪಾಲು ಬೇರೆ. ಮೊಮ್ಮಗಳು ಹುಟ್ಟಿದ ಮೇಲೆ ತಾಯಿಯ ತಾಯಿ 'ಚೋಪೆ' ಎಂಬ ದೊಡ್ಡ ಕಸೂತಿ ಹೊದಿಕೆಯನ್ನು ಶುರು ಮಾಡುತ್ತಿದ್ದಳು. ಕೈಯಲ್ಲಿ ನೂತು ನೇಯ್ದ ಕೆಂಪು ಖಾದಿಯ ಮೇಲೆ ಹುರಿ ಹಾಕದ ರೇಷ್ಮೆ ಎಳೆಯ ಕೆಲಸ. ವರ್ಷಗಟ್ಟಲೆ ನಡೆಯುವ ಈ ಹೊಲಿಗೆ ಮದುವೆಯ ಹೊತ್ತಿಗೆ ಮುಗಿದು, ಮಂಗಳಸ್ನಾನದ ನಂತರ ಹುಡುಗಿಯ ಮೈಗೆ ಸುತ್ತುವ ಬಟ್ಟೆಯಾಗುತ್ತಿತ್ತು. ಗಂಡಿನ ಮನೆಯಲ್ಲೂ ಅಜ್ಜಿಯೊಬ್ಬಳು ಮೊಮ್ಮಗನ ಹೆಂಡತಿಗೆಂದು 'ವರಿ ದಾ ಬಾಗ್' ಹೊಲಿಯುತ್ತಿದ್ದಳು. ಅದರಲ್ಲಿ ತಳದ ಬಟ್ಟೆಯೇ ಕಾಣದಷ್ಟು ಒತ್ತಾಗಿ ಹೊನ್ನಿನ ಬಣ್ಣದ ರೇಷ್ಮೆ ತುಂಬಿರುತ್ತದೆ. ಫುಲ್ಕಾರಿ ಎಂಬ ಈ ಕಸೂತಿಯನ್ನು ಸಾಮಾನ್ಯವಾಗಿ ಬಟ್ಟೆಯ ಹಿಂಬದಿಯಿಂದ ಎಳೆ ಎಣಿಸಿ ಹೊಲಿಯುತ್ತಾರೆ. ಚೋಪೆಯನ್ನು ಮಾತ್ರ ಎರಡೂ ಬದಿ ಒಂದೇ ಥರ ಕಾಣುವ ಹೊಲಿಗೆಯಲ್ಲಿ ಮಾಡುತ್ತಿದ್ದರು. ಧಾರವಾಡ ಕಡೆಯ ಕಸೂತಿ ಬಲ್ಲವರಿಗೆ ಇದು ಕೂಡಲೇ ತಿಳಿಯುತ್ತದೆ. ನಮ್ಮ ಗವಂತಿ ಹೊಲಿಗೆಯೂ ಎಳೆ ಎಣಿಸಿ, ಹೋದ ದಾರಿಯಲ್ಲೇ ಮರಳಿ ಬಂದು, ಎರಡೂ ಮುಖ ಒಂದೇ ಆಗಿಸುವ ಕೆಲಸ. ಅಲ್ಲಿ ಕೆಂಪು ಚೋಪೆ, ಇಲ್ಲಿ ಕಪ್ಪು ಚಂದ್ರಕಾಳಿ ಸೀರೆ. ಎರಡೂ ಮದುಮಗಳಿಗೇ ಮೀಸಲು. ಬರಹ ಬಾರದ ಹೆಂಗಸರು ನಕ್ಷೆಯಿಲ್ಲದೆ, ಗೆರೆ ಹಾಕದೆ, ಬರೀ ಲೆಕ್ಕ ಹಿಡಿದು ಮಾಡಿದ ಈ ಕೆಲಸವನ್ನು ನಾನು ಪಂಜಾಬಿ ಮದುವೆಯ ಅತ್ಯಂತ ಬೆಲೆಯುಳ್ಳ ವಸ್ತು ಎಂದೇ ಎಣಿಸುತ್ತೇನೆ. 1947ರ ದೇಶವಿಭಜನೆಯಲ್ಲಿ ಮನೆಮಠ ಬಿಟ್ಟು ಓಡಿದವರೊಂದಿಗೆ ಎಷ್ಟೋ ಪೆಟ್ಟಿಗೆಗಳು ಬರಲಿಲ್ಲ. ಇಂದು ಅಮೃತಸರದ ಅಂಗಡಿಗಳಲ್ಲಿ ಸಿಗುವ ಯಂತ್ರದ ಫುಲ್ಕಾರಿ ದುಪಟ್ಟಾ ನೋಡಲು ಚೆಂದವೇ, ಆದರೆ ಅದರ ಹಿಂದೆ ಯಾವ ಅಜ್ಜಿಯ ವರ್ಷಗಳೂ ಇಲ್ಲ.

ಇನ್ನು ಹಾಡು. ಮದುವೆಗೆ ಹಲವು ದಿನ ಮೊದಲೇ ಸಂಜೆ ಹೊತ್ತು ಹೆಂಗಸರು ಒಟ್ಟಾಗುತ್ತಾರೆ. ಒಬ್ಬಳು ಢೋಲಕಿ ನುಡಿಸಿದರೆ ಇನ್ನೊಬ್ಬಳು ಅದರ ಮರದ ಮೈಗೆ ಚಮಚದಿಂದ ತಾಳ ಕುಟ್ಟುತ್ತಾಳೆ. ಹೆಣ್ಣಿನ ಮನೆಯಲ್ಲಿ ಹೇಳುವವು 'ಸುಹಾಗ್'. ಮಗಳು ತಂದೆಯ ಹತ್ತಿರ ಎಂಥ ಮನೆ ಹುಡುಕಬೇಕೆಂದು ಕೇಳಿಕೊಳ್ಳುವುದು, ಹೊರಟು ನಿಂತವಳು ಅಂಗಳವನ್ನು, ಅಣ್ಣನನ್ನು, ಗೆಳತಿಯರನ್ನು ನೆನೆಯುವುದು ಅವುಗಳ ವಿಷಯ. ಗಂಡಿನ ಮನೆಯಲ್ಲಿ ಹೇಳುವವು 'ಘೋಡಿ'. ಕುದುರೆ ಏರುವ ಮದುಮಗನ ಚೆಲುವು, ಅವನ ತಾಯಿಯ ಹಿಗ್ಗು ಅವುಗಳ ತುಂಬ. ವಾದ್ಯವೇ ಇಲ್ಲದೆ ಇಬ್ಬರು ಮೂವರು ಉಸಿರು ಕಟ್ಟಿ ಎಳೆದು ಹಾಡುವ 'ಲಂಮೀ ಹೇಕ್' ಎಂಬ ಶೈಲಿಯಿದೆ. ಅದನ್ನು ಕೇಳಿದವರಿಗೆ ಪಂಜಾಬಿನ ಸಂಗೀತವೆಂದರೆ ಡೋಲಿನ ಅಬ್ಬರ ಎಂಬ ಎಣಿಕೆ ಉಳಿಯುವುದಿಲ್ಲ. ಲಾಹೋರಿನಲ್ಲಿ ಹುಟ್ಟಿದ ಸುರಿಂದರ್ ಕೌರ್ 1943ರಲ್ಲಿ ಅಕ್ಕ ಪ್ರಕಾಶ್ ಕೌರ್ ಜೊತೆ ಅಲ್ಲಿಯೇ ಮುದ್ರಿಸಿದ ಮೊದಲ ಗ್ರಾಮಫೋನ್ ತಟ್ಟೆಯಲ್ಲಿ ಇದ್ದುದು ತಾಯಿ ಮಗಳು ಒಂದೆಡೆ ಕೂತು ಮನಸ್ಸು ಬಿಚ್ಚಿಕೊಳ್ಳುವ ಹಾಡು. ವಿಭಜನೆಯ ನಂತರ ಆ ದನಿ ಗಡಿಯ ಎರಡೂ ಕಡೆಯ ಮದುವೆ ಮನೆಗಳಲ್ಲಿ ಉಳಿಯಿತು. ಪಾಕಿಸ್ತಾನದ ಪಂಜಾಬಿನ ಮುಸ್ಲಿಂ ಮದುವೆಯಲ್ಲಿ ನಿಕಾಹ್, ಮೆಹರ್, ವಲೀಮಾ ಎಲ್ಲ ಇಸ್ಲಾಮಿನ ಕ್ರಮದಂತೆ ನಡೆಯುತ್ತವೆ. ಸೋದರ ಸಂಬಂಧಿಗಳ ಮದುವೆಯೂ ಅಲ್ಲಿ ಸಾಮಾನ್ಯ. ಆದರೂ ಅರಿಶಿನ ಹಚ್ಚುವ 'ಮಾಯೂಂ', ಢೋಲಕಿಯ ಸಂಜೆ, ಬೂಟು ಬಚ್ಚಿಡುವ ಆಟ ಎರಡೂ ಕಡೆ ಒಂದೇ.

ಮೂರನೆಯ ಬಗೆಯ ಹಾಡು 'ಸಿಠಣಿ', ಬೀಗರನ್ನು ಜರೆಯುವ ಹಾಡು. ದಿಬ್ಬಣ ಊಟಕ್ಕೆ ಕೂತಾಗ ಹೆಣ್ಣಿನ ಕಡೆಯವರು ಮಾಳಿಗೆ ಹತ್ತಿ ಮದುಮಗನ ಅಪ್ಪನ ಹೊಟ್ಟೆ, ಚಿಕ್ಕಪ್ಪನ ಮೀಸೆ, ಅವರ ಜಿಪುಣತನ ಯಾವುದನ್ನೂ ಬಿಡದೆ ಹಾಡುತ್ತಾರೆ. ಗಂಡಿನ ಕಡೆಯವರು ತಲೆ ತಗ್ಗಿಸಿ ನಗಬೇಕು, ಬೇಸರ ತೋರಿಸಿದರೆ ಮರ್ಯಾದೆ ಹೋಯಿತು. ಹಿಂದೆ ಇದರದೇ ಇನ್ನೊಂದು ರೂಪವಿತ್ತು. ಹೆಂಗಸರು ಪದ್ಯ ಹೇಳಿ ದಿಬ್ಬಣದ ಊಟವನ್ನು 'ಕಟ್ಟಿಬಿಡುತ್ತಿದ್ದರು'. ಬಡಿಸಿದ ಎಲೆ ಮುಂದಿದ್ದರೂ ಯಾರೂ ಮುಟ್ಟುವಂತಿಲ್ಲ. ಗಂಡಿನ ಕಡೆಯ ಒಬ್ಬ ಎದ್ದು ಪದ್ಯದಲ್ಲೇ ಆ ಕಟ್ಟು ಬಿಡಿಸಿದ ಮೇಲೆ ತುತ್ತು ಬಾಯಿಗೆ. ಅಂಥ ಪದ್ಯ ಬಲ್ಲವನನ್ನು ಹುಡುಕಿ ದಿಬ್ಬಣದ ಜೊತೆ ಕರೆತರುತ್ತಿದ್ದರಂತೆ. ನಮ್ಮ ಬೀಗರ ಹಾಡು, ಉತ್ತರ ಕರ್ನಾಟಕದಲ್ಲಿ ಗಂಡನ ಹೆಸರು ಹೇಳಲು ಕಟ್ಟುವ ಒಡಪು ಇದೇ ಬಳಗದವು. ಮಗಳನ್ನು ಕೊಟ್ಟ ಮನೆ ಬೀಗರ ಮುಂದೆ ಜೀವಮಾನವಿಡೀ ಬಾಗಬೇಕಾದ ಸಮಾಜದಲ್ಲಿ ಆ ಒಂದು ಹೊತ್ತು ಮಾತ್ರ ಬಾಯಿಗೆ ಬೀಗವಿರಲಿಲ್ಲ. ನಾವು ಪಂಜಾಬಿನಿಂದ 'ಸಂಗೀತ್' ತಂದೆವು, ಅದರ ತಿರುಳಾದ ಹೆಂಗಸರ ಗುಂಪುಹಾಡನ್ನು ಅಲ್ಲಿಯೇ ಬಿಟ್ಟುಬಂದೆವು. ಅದೇ ಹೊತ್ತಿಗೆ ನಮ್ಮ ಸೋಬಾನೆ ಪದ ಬಲ್ಲ ಅಜ್ಜಿಯರು ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಾರೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ಗಂಡಿನ ಮನೆಯ ಶಾಸ್ತ್ರಗಳಲ್ಲಿ ಕನ್ನಡಿಗರಿಗೆ ಪರಿಚಿತವಾದವು ಹಲವಿವೆ. ಬಲಗೈಗೆ ಕಟ್ಟುವ ಕೆಂಪು ದಾರ 'ಗಾನಾ' ನಮ್ಮ ಕಂಕಣವೇ. ಹಣೆಗೆ ಕಟ್ಟಿ ಮುಖದ ಮೇಲೆ ಇಳಿಬಿಡುವ 'ಸೆಹರಾ' ನೋಡಿದರೆ ಬಾಸಿಂಗ ನೆನಪಾಗುತ್ತದೆ. ಅತ್ತಿಗೆ ಬಂದು ಮದುಮಗನ ಕಣ್ಣಿಗೆ ಸುರಮಾ ಹಚ್ಚುತ್ತಾಳೆ, ತಂಗಿ ಕುದುರೆಗೆ ನೆನೆಸಿದ ಕಡಲೆಬೇಳೆ ತಿನ್ನಿಸಿ ಲಗಾಮು ಹಿಡಿದು ಕಾಣಿಕೆ ಪಡೆಯುತ್ತಾಳೆ. ಮದುಮಗನಂತೆಯೇ ಸಿಂಗರಿಸಿದ ಪುಟ್ಟ ಹುಡುಗನೊಬ್ಬ, 'ಸರಬಾಲಾ', ಹಿಂದೆ ಕೂರುತ್ತಾನೆ. ಹೊರಡುವ ಮೊದಲು ಊರ ಹೊರಗಿನ ಜಂಡ್ ಗಿಡದ ಟೊಂಗೆಯೊಂದನ್ನು ಮದುಮಗ ಕತ್ತಿಯಿಂದ ಕಡಿಯುವ ಪದ್ಧತಿಯೊಂದು ಹಳ್ಳಿಗಳಲ್ಲಿತ್ತು. ಈ ಜಂಡ್ ಎಂದರೆ ನಾವು ವಿಜಯದಶಮಿಯಂದು ಪೂಜಿಸುವ ಬನ್ನಿ, ಶಮೀವೃಕ್ಷ. ಪಾಂಡವರು ಆಯುಧ ಅಡಗಿಸಿಟ್ಟ ಮರವೆಂದು ನಾವು ನಂಬಿದ ಮರದ ಮುಂದೆ ಅಲ್ಲಿನ ಮದುಮಗ ಆಯುಧ ಎತ್ತುತ್ತಾನೆ.

ದಿಬ್ಬಣ ಬಂದು ನಿಂತಾಗ 'ಮಿಲ್ನಿ'. ಅಪ್ಪನಿಗೆ ಅಪ್ಪ, ಸೋದರಮಾವನಿಗೆ ಸೋದರಮಾವ, ಚಿಕ್ಕಪ್ಪನಿಗೆ ಚಿಕ್ಕಪ್ಪ ಎದುರಾಗಿ ಹಾರ ಹಾಕಿ ಅಪ್ಪಿಕೊಳ್ಳುತ್ತಾರೆ, ಕಂಬಳಿ ಹೊದಿಸುತ್ತಾರೆ. ಹಳೆಯ ದಿನಗಳಲ್ಲಿ ದಿಬ್ಬಣ ಎರಡು ಮೂರು ದಿನ ತಂಗುತ್ತಿತ್ತು. ಅಷ್ಟು ಜನರಿಗೆ ಮಲಗಲು ಊರಿನ ಮನೆಮನೆಯಿಂದ ಹಗ್ಗದ ಮಂಚ, ಹಾಸಿಗೆ ಬರುತ್ತಿದ್ದವು. ಸಂಬಂಧ ಕೂಡಿಸುವುದರಿಂದ ಹಿಡಿದು ದಿನ ಗೊತ್ತುಮಾಡಿದ ಪತ್ರ ತಲುಪಿಸುವ ತನಕ ಓಡಾಟವೆಲ್ಲ ಕ್ಷೌರಿಕನದು. ಅವನ ಹೆಂಡತಿ ಮದುಮಗಳಿಗೆ ತಲೆ ಬಾಚಿ, ಮೊದಲ ಸಲ ಗಂಡನ ಮನೆಗೆ ಹೊರಟಾಗ ಜೊತೆಗೇ ಹೋಗುತ್ತಿದ್ದಳು. ಇವರ ದುಡಿಮೆಯಿಲ್ಲದೆ ಒಂದು ಮದುವೆಯೂ ಆಗುತ್ತಿರಲಿಲ್ಲ, ಆದರೂ ಪಂಕ್ತಿಯಲ್ಲಿ ಇವರ ಜಾಗ ಕೆಳಗೇ ಇತ್ತು.

ಈಗ ಸಿಖ್ಖರ ಮದುವೆಯ ವಿಧಿಯಾದ 'ಆನಂದ್ ಕಾರಜ್'ಗೆ ಬರೋಣ. ಪಂಜಾಬಿ ಹಿಂದೂಗಳ ಮದುವೆ ಸಾಮಾನ್ಯವಾಗಿ ರಾತ್ರಿಯ ಲಗ್ನದಲ್ಲಿ ಅಗ್ನಿಯ ಸುತ್ತ ನಡೆದರೆ ಸಿಖ್ಖರದು ಬೆಳಗಿನ ಹೊತ್ತು, ಗುರುದ್ವಾರದಲ್ಲಿ, ಗುರು ಗ್ರಂಥ ಸಾಹಿಬ್ ಮುಂದೆ. ಎಲ್ಲರೂ ತಲೆ ಮುಚ್ಚಿಕೊಂಡು ನೆಲದ ಮೇಲೆ ಕೂರುತ್ತಾರೆ. ಮದುಮಗ ಹೆಗಲ ಮೇಲೆ ಹಾಕಿಕೊಂಡ ಉದ್ದನೆಯ ಶಾಲಿನ ಒಂದು ತುದಿಯನ್ನು ತಂದೆ ಮಗಳ ಕೈಗೆ ಕೊಡುತ್ತಾನೆ. ನಮ್ಮ ಧಾರೆಗೆ ಸಮನಾದ ಗಳಿಗೆ ಅದು. ನೀರಿಲ್ಲ, ತಾಳಿಯಿಲ್ಲ, ಹೋಮವಿಲ್ಲ. ಬಳಿಕ ನಾಲ್ಕನೆಯ ಗುರು ರಾಮದಾಸರು ಸೂಹಿ ರಾಗದಲ್ಲಿ ರಚಿಸಿದ ನಾಲ್ಕು 'ಲಾವಾಂ'ಗಳು. ಗ್ರಂಥದಿಂದ ಒಂದು ಪದ್ಯ ಓದುತ್ತಾರೆ. ಅದನ್ನೇ 'ರಾಗಿ'ಗಳು, ಅಂದರೆ ಗುರುದ್ವಾರದ ಗಾಯಕರು, ಹಾಡಲು ತೊಡಗಿದಾಗ ವಧೂವರರು ಎದ್ದು ಗ್ರಂಥಕ್ಕೆ ಬಲಬಂದು, ಮಣಿದು ಕೂರುತ್ತಾರೆ. ಹೀಗೆ ನಾಲ್ಕು ಸಲ. ಸುತ್ತು ಬರುವ ದಾರಿಯಲ್ಲಿ ಮದುಮಗಳ ಅಣ್ಣತಮ್ಮಂದಿರು ಅಲ್ಲಲ್ಲಿ ನಿಂತು ಒಬ್ಬರ ಕೈಯಿಂದ ಒಬ್ಬರು ಅವಳನ್ನು ಮುಂದೆ ನಡೆಸುತ್ತಾರೆ. ಕೊನೆಗೆ ಮೂರನೆಯ ಗುರು ಅಮರದಾಸರ 'ಆನಂದ್ ಸಾಹಿಬ್', ಪ್ರಾರ್ಥನೆ. ಗೋಧಿ ಹಿಟ್ಟು, ತುಪ್ಪ, ಸಕ್ಕರೆ ಸಮಪಾಲು ಹಾಕಿ ಮಾಡಿದ ಕಡಾ ಪ್ರಸಾದ ಎಲ್ಲರ ಅಂಗೈಗೂ ಬರುತ್ತದೆ.

ಆ ನಾಲ್ಕು ಪದ್ಯಗಳಲ್ಲಿ ಗಂಡ ಹೆಂಡತಿಗೆ ಏನು ಕೊಡಬೇಕು, ಹೆಂಡತಿ ಹೇಗಿರಬೇಕು ಎಂಬ ಕಟ್ಟಳೆ ಒಂದೂ ಇಲ್ಲ. ಇರುವುದು ಜೀವ ದೇವರೆಡೆಗೆ ಸಾಗುವ ಹಾದಿ: ಮೊದಲು ಧರ್ಮದ ನಡೆ ಮತ್ತು ನಾಮಸ್ಮರಣೆ, ಆಮೇಲೆ ಗುರುವಿನ ಭೇಟಿ ಮತ್ತು ನಿರ್ಭಯ, ಮೂರನೆಯದರಲ್ಲಿ ವೈರಾಗ್ಯ ಬೆರೆತ ಹಂಬಲ, ನಾಲ್ಕನೆಯದರಲ್ಲಿ ಸಹಜವಾದ ಕೂಡಿಕೆ. ಇಲ್ಲಿ ವಧು ಎಂದರೆ ಜೀವಾತ್ಮ, ಗಂಡಿನದಾಗಲಿ ಹೆಣ್ಣಿನದಾಗಲಿ. ಶರಣಸತಿ ಲಿಂಗಪತಿ ಭಾವದಲ್ಲಿ ಬೆಳೆದ, ಚೆನ್ನಮಲ್ಲಿಕಾರ್ಜುನನನ್ನೇ ಗಂಡನೆಂದ ಅಕ್ಕನನ್ನು ಓದಿದ ಕನ್ನಡಿಗರಿಗೆ ಇದನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಹುಟ್ಟಿನಿಂದ ಬಂದ ಪುರೋಹಿತ ಜಾತಿಯೂ ಇಲ್ಲಿ ಬೇಕಿಲ್ಲ.

ಇಷ್ಟು ಸರಳ ವಿಧಿಗೆ ಕಾನೂನಿನ ಮನ್ನಣೆ ಸುಲಭಕ್ಕೆ ಸಿಗಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸಿಖ್ಖರಲ್ಲೂ ಬಹಳ ಮದುವೆಗಳು ಬ್ರಾಹ್ಮಣ ಪುರೋಹಿತರಿಂದ ಅಗ್ನಿಸಾಕ್ಷಿಯಾಗಿ ನಡೆಯುತ್ತಿದ್ದವು. ರಾವಲ್ಪಿಂಡಿಯ ಬಾಬಾ ದಯಾಳ್ ಅವರ ನಿರಂಕಾರಿ ಪಂಥ ಗ್ರಂಥದ ಮುಂದಿನ ಮದುವೆಗೆ ಮತ್ತೆ ಜೀವ ಕೊಟ್ಟಿತು. ಸಿಂಗ್ ಸಭಾ ಸುಧಾರಕರು ಅದನ್ನು ಊರೂರಿಗೆ ಒಯ್ದರು. ಇಂಥ ಮದುವೆ ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ, ಮಕ್ಕಳಿಗೆ ಆಸ್ತಿಯ ಹಕ್ಕು ಬರುತ್ತದೆಯೇ ಎಂಬ ಆತಂಕ ಇದ್ದೇ ಇತ್ತು. ನಾಭಾ ಸಂಸ್ಥಾನದ ಯುವರಾಜ ರಿಪುದಮನ್ ಸಿಂಗ್ 1908ರಲ್ಲಿ ಮಸೂದೆ ಮಂಡಿಸಿದರು, ಸುಂದರ್ ಸಿಂಗ್ ಮಜೀಠಿಯಾ ಅದನ್ನು ಮುಂದೆ ನಡೆಸಿದರು, 1909ರಲ್ಲಿ ಆನಂದ್ ವಿವಾಹ ಕಾಯ್ದೆ ಬಂತು. ಮದುವೆ ಸಿಂಧು ಎನ್ನುವ ಆ ಕಾಯ್ದೆಯಲ್ಲಿ ನೋಂದಣಿಯ ಏರ್ಪಾಡು ಇರಲಿಲ್ಲ. ಸ್ವತಂತ್ರ ಭಾರತದಲ್ಲೂ ಸಿಖ್ಖರು ಹಿಂದೂ ವಿವಾಹ ಕಾಯ್ದೆಯಡಿಯೇ ನೋಂದಾಯಿಸಿಕೊಳ್ಳಬೇಕಿತ್ತು. 2012ರ ತಿದ್ದುಪಡಿಯೊಂದಿಗೆ ಆ ಕೊರತೆ ತುಂಬಿತು. ಪಾಕಿಸ್ತಾನದ ಪಂಜಾಬ್ ಪ್ರಾಂತ್ಯವೂ 2018ರಲ್ಲಿ ಸಿಖ್ ವಿವಾಹಕ್ಕೆ ಪ್ರತ್ಯೇಕ ಕಾಯ್ದೆ ಮಾಡಿತು.

ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ 1945ರಲ್ಲಿ ಒಪ್ಪಿದ 'ಸಿಖ್ ರಹಿತ್ ಮರ್ಯಾದಾ' ಎಂಬ ನಡೆನುಡಿಯ ಸಂಹಿತೆ ಮದುವೆಯ ವಿಚಾರದಲ್ಲಿ ಬಹಳ ಕಟ್ಟುನಿಟ್ಟು. ಒಳ್ಳೆಯ ದಿನ ಕೆಟ್ಟ ದಿನ ನೋಡಬಾರದು. ಸೆಹರಾ, ಗಾನಾ ಕೂಡದು. ಜಂಡ್ ಕಡಿಯಬಾರದು. ನಾದಿನಿಯರ ಮುಂದೆ ಪದ್ಯ ಹೇಳುವಂಥ ಆಟವೂ ಬೇಡ. ಹೋಮ, ವೇಶ್ಯೆಯರ ನೃತ್ಯ, ಮದ್ಯ ಎಲ್ಲವೂ ಗುರುಮತಕ್ಕೆ ವಿರುದ್ಧ. ನಾನು ಮೇಲೆ ವಿವರಿಸಿದ ಎಷ್ಟೋ ಶಾಸ್ತ್ರಗಳು ಆ ನಿಷೇಧದ ಪಟ್ಟಿಯಲ್ಲೇ ಇವೆ. ಜನ ಎರಡನ್ನೂ ಇಟ್ಟುಕೊಂಡಿದ್ದಾರೆ. ಮನೆಯಲ್ಲಿ ಅಜ್ಜಿಯ ಮಾತಿನಂತೆ ಸೆಹರಾ ಕಟ್ಟಿ, ಗುರುದ್ವಾರದ ಒಳಗೆ ಹೋಗುವಾಗ ಅದನ್ನು ತೆಗೆದಿಟ್ಟು ಹೋಗುವ ಮದುಮಗ ಅಲ್ಲಿ ಸಾಮಾನ್ಯ. ಸುಧಾರಕರ ಕಳಕಳಿ ನನಗೆ ಅರ್ಥವಾಗುತ್ತದೆ, ಮದ್ಯ ಮತ್ತು ದುಂದಿನ ಬಗ್ಗೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಪದ್ಯವನ್ನೂ ಜಂಡ್ ಟೊಂಗೆಯನ್ನೂ ಮದ್ಯದ ಸಾಲಿಗೇ ಸೇರಿಸಿದ್ದು ಜನಪದಕ್ಕೆ ಆದ ಅನ್ಯಾಯ. ಸಮುದ್ರ ತೀರದಲ್ಲಿ, ರೆಸಾರ್ಟುಗಳಲ್ಲಿ ಗ್ರಂಥವನ್ನು ಒಯ್ದು ಆನಂದ್ ಕಾರಜ್ ಮಾಡಬಾರದೆಂದು 2023ರಲ್ಲಿ ಸಿಖ್ಖರ ಅತ್ಯುನ್ನತ ಧರ್ಮಪೀಠವಾದ ಅಕಾಲ್ ತಖ್ತ್ ಹೇಳಿದಾಗ ಮಾತ್ರ ನನ್ನ ಮನಸ್ಸು ತಖ್ತ್‌ನ ಕಡೆಗೇ ಇತ್ತು. ಗ್ರಂಥ ಇರುವಲ್ಲಿಗೆ ನಾವು ಹೋಗಬೇಕು.

ಊಟವಾದ ಮೇಲೆ 'ಡೋಲಿ'. ಮನೆ ಬಿಡುವಾಗ ಮಗಳು ಹಿಂತಿರುಗಿ ನೋಡದೆ ಹಿಡಿ ಹಿಡಿ ಅಕ್ಕಿಯನ್ನು ತಲೆಯ ಮೇಲಿಂದ ಹಿಂದಕ್ಕೆ ಎರಚುತ್ತಾಳೆ. ನಮ್ಮ ಹೆಣ್ಣುಮಕ್ಕಳು ಮಡಿಲಕ್ಕಿ ಕಟ್ಟಿಸಿಕೊಂಡು ಹೋಗುತ್ತಾರೆ, ಅವಳು ಅಕ್ಕಿಯನ್ನು ತವರಿಗೇ ಬಿಟ್ಟು ಹೋಗುತ್ತಾಳೆ. ಅಣ್ಣತಮ್ಮಂದಿರು ಹಿಂದೆ ಪಲ್ಲಕ್ಕಿಗೆ ಹೆಗಲು ಕೊಡುತ್ತಿದ್ದರು, ಈಗ ಕಾರನ್ನು ನಾಲ್ಕು ಹೆಜ್ಜೆ ತಳ್ಳುತ್ತಾರೆ. ಗಂಡನ ಮನೆಯ ಹೊಸಿಲಿಗೆ ಎಣ್ಣೆ ಹೊಯ್ದು ಒಳಗೆ ಕರೆಯುತ್ತಾರೆ. ಅತ್ತೆ ಇಬ್ಬರ ತಲೆಯ ಮೇಲೂ ನೀರಿನ ಪಾತ್ರೆ ನಿವಾಳಿಸಿ ಆ ನೀರನ್ನು ತಾನು ಕುಡಿಯಲು ಹೋಗುತ್ತಾಳೆ, ಮಗ ತಡೆಯುತ್ತಾನೆ. ನಿಮಗೆ ಬರುವ ಕೆಡುಕು ನನಗಿರಲಿ ಎಂಬ ಭಾವ ಅದರದು. ಮರುದಿನ ಹಾಲು ಬೆರೆಸಿದ ನೀರಿನಲ್ಲಿ ಉಂಗುರ ಹುಡುಕುವ ಆಟ, ನಮ್ಮಲ್ಲಿಯಂತೆಯೇ.

ಮಗಳ ಬಗ್ಗೆ ಇಷ್ಟು ಹಾಡು ಕಟ್ಟಿದ ನಾಡಿನಲ್ಲಿ 2001ರ ಜನಗಣತಿಯ ಹೊತ್ತಿಗೆ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 798. 2011ಕ್ಕೆ ಅದು 846ಕ್ಕೆ ಏರಿತು, ಸಮಾಧಾನ ಪಡುವಷ್ಟು ಅಲ್ಲ. ಇದಕ್ಕೆ ಮದುವೆಯ ಖರ್ಚೂ ವರದಕ್ಷಿಣೆಯೂ ಕಾರಣ ಎಂಬುದನ್ನು ಪಂಜಾಬಿನವರೇ ಹೇಳುತ್ತಾರೆ. ಹೆದ್ದಾರಿಯುದ್ದಕ್ಕೂ ಎದ್ದಿರುವ 'ಮ್ಯಾರೇಜ್ ಪ್ಯಾಲೇಸ್'ಗಳಲ್ಲಿ ಒಂದು ದಿನ ಮೆರೆಯಲು ಜಮೀನು ಅಡವಿಟ್ಟ ರೈತರಿದ್ದಾರೆ. 2016ರ ಡಿಸೆಂಬರಿನಲ್ಲಿ ಬಠಿಂಡಾ ಜಿಲ್ಲೆಯ ಮೌರ್ ಮಂಡಿಯ ಮದುವೆಯೊಂದರಲ್ಲಿ, ಸಂಭ್ರಮಕ್ಕೆಂದು ತಂದಿದ್ದ ಬಂದೂಕಿನ ಗುಂಡಿಗೆ ವೇದಿಕೆಯ ಮೇಲೆ ಕುಣಿಯುತ್ತಿದ್ದ ಯುವತಿ ಸತ್ತಳು. 2019ರ ಶಸ್ತ್ರಾಸ್ತ್ರ ಕಾಯ್ದೆ ತಿದ್ದುಪಡಿ ಇಂಥ ಗುಂಡು ಹಾರಿಸುವಿಕೆಗೆ ಎರಡು ವರ್ಷದ ತನಕ ಸೆರೆ, ಒಂದು ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಸಿನಿಮಾ ನಮಗೆ ರಫ್ತು ಮಾಡಿದ್ದು ಈ ಮೆರೆದಾಟದ ಮುಖವನ್ನೇ ಎಂಬುದು ನನ್ನ ದೂರು.

ಇನ್ನೊಂದು ಮುಖ ನೋಡಲು ಪಂಜಾಬಿಗೇ ಹೋಗಬೇಕಿಲ್ಲ. 1699ರಲ್ಲಿ ಗುರು ಗೋಬಿಂದ ಸಿಂಗರ ಕರೆಗೆ ತಲೆ ಕೊಡಲು ಎದ್ದುನಿಂತ ಐವರು 'ಪಂಜ್ ಪ್ಯಾರೇ'ಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು. ಪರಂಪರೆಯ ಪ್ರಕಾರ ಅವರೂ ಕ್ಷೌರಿಕ ವೃತ್ತಿಯ ಮನೆತನದವರು. ಬೀದರಿನ ನಾನಕ್ ಝೀರಾದಲ್ಲಿ, ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ಗುರುದ್ವಾರಗಳಿವೆ. ಪಂಜಾಬಿ ಸಹೋದ್ಯೋಗಿಯ ಅಥವಾ ನೆರೆಮನೆಯವರ ಮದುವೆಗೆ ಕರೆ ಬಂದರೆ ರಾತ್ರಿಯ ಪಾರ್ಟಿಗೆ ಮಾತ್ರ ಹೋಗಿ ಬರಬೇಡಿ. ಬೆಳಗ್ಗೆಯೇ ಗುರುದ್ವಾರಕ್ಕೆ ಹೋಗಿ. ಜೇಬಿನಲ್ಲಿ ಸಿಗರೇಟು, ತಂಬಾಕು ಬೇಡ. ಚಪ್ಪಲಿ ಬಿಟ್ಟು, ತಲೆಗೆ ವಸ್ತ್ರ ಹಾಕಿಕೊಂಡು, ನಾಲ್ಕೂ ಲಾವಾಂ ಮುಗಿಯುವ ತನಕ ಕೂತಿರಿ. ಪ್ರಸಾದಕ್ಕೆ ಎರಡೂ ಕೈ ಜೋಡಿಸಿ ಒಡ್ಡಿ, ಅಲ್ಲಿನ ಸಾಮೂಹಿಕ ಊಟವಾದ ಲಂಗರ್‌ನಲ್ಲಿ ಉಂಡು ಬನ್ನಿ. ಮನೆಯಲ್ಲಿ ಹಿರಿಯ ಹೆಂಗಸರು ಸಿಕ್ಕರೆ ಒಂದು ಸು‌ಹಾಗ್ ಹಾಡುವಂತೆ ಕೇಳಿ, ನೀವೂ ಒಂದು ಸೋಬಾನೆ ಹಾಡಿ.